ಕಲಿಸುವ ಕೈಗೆ ಕೂಲಿ ಕೊಡುವವರು ಯಾರು?

ಕರ್ನಾಟಕದ ಯುವನಿಧಿ ಯೋಜನೆಯ ಹಣ ಮೊದಲು ಬಿಡುಗಡೆಯಾದದ್ದು 2024ರ ಜನವರಿ 12ರಂದು, ಶಿವಮೊಗ್ಗದಲ್ಲಿ. ಪದವಿ ಮುಗಿಸಿ ಆರು ತಿಂಗಳು ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ, ಅದೂ ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಶುಲ್ಕಕ್ಕೂ ಬಸ್ ಚಾರ್ಜಿಗೂ ಅಪ್ಪನ ಮುಂದೆ ಕೈಯೊಡ್ಡಬೇಕಾದ ಹುಡುಗ ಹುಡುಗಿಯರಿಗೆ ಇದು ಸಣ್ಣ ಆಸರೆಯಲ್ಲ. ಈ ಹಣವನ್ನು ಹೀಗಳೆಯುವವರ ಜೊತೆ ನಾನು ನಿಲ್ಲುವುದಿಲ್ಲ. ಆದರೆ ಆ ಎರಡು ವರ್ಷ ಮುಗಿದ ಮಾರನೆಯ ದಿನ ಅವರ ಕೈಗೆ ಹೊಸದಾಗಿ ಯಾವ ಕೆಲಸ ಬಂದಿರುತ್ತದೆ ಎಂಬ ಪ್ರಶ್ನೆಗೆ ಹಣವೊಂದೇ ಉತ್ತರವಾಗದು. ಆ ಉತ್ತರ ಕೊಡಬೇಕಾಗಿದ್ದ ವ್ಯವಸ್ಥೆ ನಮ್ಮಲ್ಲಿ 60 ವರ್ಷಕ್ಕೂ ಹಿಂದಿನಿಂದ ಕಾಯ್ದೆಯ ರೂಪದಲ್ಲಿ ಇದೆ. ಅದು ಅಪ್ರೆಂಟಿಸ್ ಪದ್ಧತಿ.

ಈ ಮಾತನ್ನು ಇಡೀ ರಾಜ್ಯಕ್ಕೆ ಹರಡುವ ಬದಲು ಮೈಸೂರು ಜಿಲ್ಲೆಯ ಅಕ್ಕಪಕ್ಕದ ಎರಡು ತಾಲ್ಲೂಕುಗಳಲ್ಲಿ ಇಟ್ಟು ನೋಡೋಣ. ನಂಜನಗೂಡಿನ ಕಡೆ ತಾಂಡವಪುರ, ಹಿಮ್ಮಾವುಗಳ ಸುತ್ತ ಕೈಗಾರಿಕಾ ಪ್ರದೇಶಗಳಿವೆ. ಕಾಫಿ ಪುಡಿ, ಬಣ್ಣ, ಔಷಧಿ, ಸರ್ಕ್ಯೂಟ್ ಬೋರ್ಡು, ಕಾಗದ, ಸಕ್ಕರೆ, ಇಷ್ಟೂ ಈ ಒಂದು ತಾಲ್ಲೂಕಿನಲ್ಲೇ ತಯಾರಾಗುತ್ತವೆ. ಟಿ. ನರಸೀಪುರದ ಕಡೆ ನಾಲೆ ನೀರಿನ ಭತ್ತ, ಕಬ್ಬು. ಮೈಸೂರು ಸಿಲ್ಕ್ ಸೀರೆಗೆ ನೂಲು ತೆಗೆಯುವ, ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಕಾರ್ಖಾನೆ. ಬನ್ನೂರಿನ ಹತ್ತಿರ ಸೋಮನಾಥಪುರ, 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ದೇವಾಲಯವಿರುವ ಊರು. ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲು. ತುಂಡು ಜಮೀನು, ಇಲ್ಲವೇ ಬರೀ ಕೂಲಿ ನಂಬಿದ ಮನೆಗಳಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಇಲ್ಲಿ ಊರೂರಲ್ಲೂ ಸಿಗುತ್ತಾರೆ. ಒಂದು ಕಡೆ ಕಾರ್ಖಾನೆಗಳು, ಇನ್ನೊಂದು ಕಡೆ ಓದಿ ಮನೆಯಲ್ಲಿ ಕೂತ ಮಕ್ಕಳು, ನಡುವೆ ಒಂದು ಬಸ್ಸಿನ ದೂರ. ಅಪ್ರೆಂಟಿಸ್ ಪದ್ಧತಿ ಎಲ್ಲಾದರೂ ಚೆನ್ನಾಗಿ ನಡೆಯಬೇಕೆಂದರೆ ಇಲ್ಲೇ ನಡೆಯಬೇಕು.

ಕಾರ್ಖಾನೆಯವರನ್ನು ಕೇಳಿದರೆ, ಐಟಿಐ ಸರ್ಟಿಫಿಕೇಟ್ ಇದೆ, ಆದರೆ ಮೈಕ್ರೋಮೀಟರ್ ಹಿಡಿಯಲು ಬರುವುದಿಲ್ಲ, ಡ್ರಾಯಿಂಗ್ ಓದಲು ಬರುವುದಿಲ್ಲ ಎನ್ನುತ್ತಾರೆ. ಹುಡುಗರನ್ನು ಕೇಳಿದರೆ, ಹೋದಲ್ಲೆಲ್ಲ ಎಕ್ಸ್‌ಪೀರಿಯೆನ್ಸ್ ಕೇಳ್ತಾರೆ, ಸೇರಿಸ್ಕೊಳ್ದೆ ಎಕ್ಸ್‌ಪೀರಿಯೆನ್ಸ್ ಎಲ್ಲಿಂದ ತರೋದು ಸಾರ್ ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಐಟಿಐಯಲ್ಲಿ ಕಲಿಯುವ ಯಂತ್ರ ಒಂದು, ಕಾರ್ಖಾನೆಯಲ್ಲಿ ಓಡುವ ಯಂತ್ರ ಇನ್ನೊಂದು. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರಗಳನ್ನು ತರಿಸಿದ ಮೇಲೆ ಈ ಅಂತರ ಸ್ವಲ್ಪ ಕಿರಿದಾಗಿರಬೇಕು. ಆದರೂ ತಪ್ಪು ಮಾಡಿದರೆ ಮಾಲು ಕೆಡುತ್ತದೆ, ಶಿಫ್ಟು ನಿಲ್ಲುತ್ತದೆ ಎಂಬ ಭಯದಲ್ಲಿ ಕೆಲಸ ಮಾಡುವುದು ತರಗತಿಯಲ್ಲಿ ಕಲಿಯುವ ವಿದ್ಯೆಯಲ್ಲ. ಅದನ್ನು ಕೆಲಸದ ಜಾಗದಲ್ಲೇ, ಬಲ್ಲವರ ಪಕ್ಕದಲ್ಲಿ ನಿಂತೇ ಕಲಿಯಬೇಕು.

1961ರ ಅಪ್ರೆಂಟಿಸ್ ಕಾಯ್ದೆ ಹೇಳುವುದು ಇದನ್ನೇ. ಮೊದಲು ಅದು ಐಟಿಐ ತರಬೇತಿಗೆ ಒಗ್ಗುವ ಕೆಲಸಗಳಿಗಷ್ಟೇ ಇತ್ತು, 1973ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಪದವೀಧರರು, ಡಿಪ್ಲೊಮಾದವರು ಸೇರಿದರು, 2014ರಲ್ಲಿ ಬಿ.ಎ., ಬಿ.ಕಾಂ. ಓದಿದವರಿಗೂ ಬಾಗಿಲು ತೆರೆಯಿತು. ನಿಯಮ ತಪ್ಪಿದ ಮಾಲೀಕರಿಗೆ ಜೈಲು ಎಂಬ ಕಲಮು ಅದೇ ತಿದ್ದುಪಡಿಯಲ್ಲಿ ಹೋಗಿ ದಂಡ ಮಾತ್ರ ಉಳಿಯಿತು. 2019ರ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಯಾವುದೇ ಸಂಸ್ಥೆ, ಗುತ್ತಿಗೆಯವರನ್ನೂ ಸೇರಿಸಿ ಎಣಿಸಿ, ನೂರಕ್ಕೆ ಎರಡೂವರೆಯಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 400 ಜನರ ಕಾರ್ಖಾನೆಯೆಂದರೆ ಕಡಿಮೆಯೆಂದರೆ 10, ಹೆಚ್ಚೆಂದರೆ 60. ನಾಲ್ಕರಿಂದ 29 ಜನರ ಸಂಸ್ಥೆಗಳಿಗೆ ಅದು ಅವರ ಇಷ್ಟ. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುತ್ತದೆ; 2023ರಿಂದ ಆ ಪಾಲು ನೇರವಾಗಿ ಕಲಿಯುವವರ ಬ್ಯಾಂಕ್ ಖಾತೆಗೇ ಹೋಗುತ್ತಿದೆ.

ಸ್ಟೈಪೆಂಡ್ ಎಷ್ಟು? 2019ರಲ್ಲಿ ನಿಗದಿಯಾದ ಕನಿಷ್ಠ ದರ, ಹತ್ತನೇ ತರಗತಿಗಿಂತ ಕೆಳಗೆ ಓದಿದವರಿಗೆ 5,000 ರೂಪಾಯಿ, ಐಟಿಐಯವರಿಗೆ 7,000, ಪದವೀಧರರಿಗೆ 9,000. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. 26 ದಿನಕ್ಕೆ 9,620 ರೂಪಾಯಿ ಆಯಿತು. ನಾಲೆಯ ಹೂಳೆತ್ತಿದ ಅಕ್ಷರ ಬಾರದ ಅಪ್ಪನ ದಿನಗೂಲಿಗಿಂತ ಅದೇ ಮನೆಯ ಪದವೀಧರ ಮಗನ ದಿನದ ಸ್ಟೈಪೆಂಡ್ ಕಡಿಮೆಯಿತ್ತು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಈ ದರವನ್ನು ನೂರಕ್ಕೆ 36ರಷ್ಟು ಏರಿಸಬೇಕೆಂದು ಶಿಫಾರಸು ಮಾಡಿದ್ದು ಸರಿಯಾಗಿಯೇ ಇದೆ. ಆದರೆ ಸ್ಟೈಪೆಂಡ್ ಏರಿದ ಮಾತ್ರಕ್ಕೆ ಪದ್ಧತಿ ಸರಿಹೋಗುತ್ತದೆ ಎಂದು ನನಗನ್ನಿಸುವುದಿಲ್ಲ. ಕಡಿಮೆ ಹಣಕ್ಕೂ ಹುಡುಗರು ಬರುತ್ತಾರೆ, ಮನೆಯವರು ಹೊಟ್ಟೆಬಟ್ಟೆ ಕಟ್ಟಿ ಕಳಿಸುತ್ತಾರೆ. ಒಂದೇ ಷರತ್ತು, ಅಲ್ಲಿ ಕೆಲಸ ಕಲಿಸಬೇಕು.

ರೋಗ ಇರುವುದು ಅಲ್ಲೇ. ಒಂದು ವರ್ಷ ಅಪ್ರೆಂಟಿಸ್ ಆಗಿ ಬಂದ ಹುಡುಗನನ್ನು ಏನು ಕಲಿತೆ ಎಂದು ಕೇಳಿ ನೋಡಿ. ಬಹಳ ಸಲ ಸಿಗುವ ಉತ್ತರ ಒಂದೇ: ಒಂದು ಮಿಷನ್ನಿಗೆ ಮಾಲು ಹಾಕಿದೆ, ತೆಗೆದೆ, ಪ್ಯಾಕಿಂಗಿಗೆ ಕಳಿಸಿದೆ. ಯಂತ್ರ ಕೆಟ್ಟಾಗ ಅದನ್ನು ಬಿಚ್ಚುವವರು ಬೇರೆ, ಸೆಟ್ಟಿಂಗ್ ಮಾಡುವವರು ಬೇರೆ. ಇವನು ಆಗ ಗುಡಿಸುವುದಕ್ಕೋ ಲೋಡಿಂಗಿಗೋ ಹೋಗಬೇಕು. ಮೂರೇ ವಾರದಲ್ಲಿ ಕಲಿಯಬಹುದಾದ ಕೆಲಸವನ್ನು ಹನ್ನೆರಡು ತಿಂಗಳು ಮಾಡಿಸಿ, ಕೊನೆಗೆ ಕಾಗದ ಕೊಟ್ಟು, ಆ ಜಾಗಕ್ಕೆ ಮುಂದಿನ ತಂಡವನ್ನು ಕರೆಸುವುದು ತರಬೇತಿಯಲ್ಲ, ಪಿ.ಎಫ್. ಕಟ್ಟಬೇಕಿಲ್ಲದ, ಕಾಯಂ ಮಾಡಬೇಕಿಲ್ಲದ ಕೈಗಳ ಸರಬರಾಜು. ಎಲ್ಲ ಕಾರ್ಖಾನೆಗಳೂ ಹೀಗೇ ಎಂದು ಹೇಳುವುದು ಅನ್ಯಾಯ. ಆದರೆ ಹೀಗೆ ಮಾಡಬೇಕೆನ್ನುವವರಿಗೆ ಕಾನೂನು ದೊಡ್ಡ ಅಡ್ಡಿಯಾಗುವುದಿಲ್ಲ. ಅಪ್ರೆಂಟಿಸ್ ತರಬೇತಿ ಪಡೆಯುವವನು, ಕಾರ್ಮಿಕನಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಸುರಕ್ಷತೆಯ ನಿಯಮ, ಪೆಟ್ಟಾದರೆ ಪರಿಹಾರ, ಇವು ಅವನಿಗೂ ಉಂಟು. ಉಳಿದ ಕಾರ್ಮಿಕ ಕಾನೂನು ಇಲ್ಲ. ಕಲಿಸುತ್ತೇವೆ ಎಂಬ ಭರವಸೆಗೆ ಪ್ರತಿಯಾಗಿ ಕೊಟ್ಟ ವಿನಾಯಿತಿ ಇದು. ಭರವಸೆ ಸುಳ್ಳಾದಾಗಲೂ ವಿನಾಯಿತಿ ಮಾತ್ರ ಹಾಗೇ ಉಳಿಯುತ್ತದೆ. 2013ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ತಂದ ನೀಮ್ ಟ್ರೈನಿ ಎಂಬ ಏರ್ಪಾಡಿನಲ್ಲೂ ಇದೇ ದೂರು ದೇಶದ ಅನೇಕ ಕೈಗಾರಿಕಾ ಪ್ರದೇಶಗಳಿಂದ ಕೇಳಿಬಂತು. ಕೊನೆಗೆ ಅದನ್ನು ಕೈಬಿಡಲಾಯಿತು.

ಹಾಗಾದರೆ ಕಲಿಸುವುದು ಏಕೆ ನಡೆಯುವುದಿಲ್ಲ? ಮಾಲೀಕರ ದುರಾಸೆ ಎಂದು ಹೇಳಿ ಮುಗಿಸುವುದು ಸುಲಭ. ನನ್ನ ಮಟ್ಟಿಗೆ ಕಾರಣ ಬೇರೆ ಕಡೆ ಇದೆ. ಕಲಿಸಬೇಕಾದವನು ಮಾಲೀಕನಲ್ಲ, ಎಚ್‌ಆರ್ ವಿಭಾಗವೂ ಅಲ್ಲ. ಇಪ್ಪತ್ತು ವರ್ಷದಿಂದ ಅದೇ ಲೇತಿನ ಮುಂದೆ ನಿಂತಿರುವ ಟರ್ನರ್. ಈ ಇಡೀ ಯೋಜನೆಯಲ್ಲಿ ಕಲಿಯುವವನಿಗೆ ಸ್ಟೈಪೆಂಡ್ ಇದೆ, ಆ ಭಾರ ಇಳಿಸಿಕೊಳ್ಳಲು ಮಾಲೀಕನಿಗೆ ಸರ್ಕಾರದ ಪಾಲು ಇದೆ, ಶುರುವಿನ ಮೂಲ ತರಬೇತಿ ಕೊಡುವ ಸಂಸ್ಥೆಗೂ ಹಿಂದೆ ಒಂದಿಷ್ಟು ಖರ್ಚು ಸಿಗುತ್ತಿತ್ತು. ಯಂತ್ರದ ಪಕ್ಕದಲ್ಲಿ ನಿಂತು ನಿಜವಾಗಿ ಕಲಿಸುವ ಆ ಟರ್ನರ್‌ಗೆ ಏನೂ ಇಲ್ಲ. ಅವನಿಗೆ ಅಂದಿನ ಟಾರ್ಗೆಟ್ ಇದೆ. ಹುಡುಗನಿಗೆ ತೋರಿಸುತ್ತ ನಿಂತರೆ ಅವನದೇ ಲೆಕ್ಕ ಕಡಿಮೆ ಬೀಳುತ್ತದೆ, ಹುಡುಗ ಟೂಲ್ ಮುರಿದರೆ ಸೂಪರ್‌ವೈಸರ್ ಇವನನ್ನೇ ಕೇಳುತ್ತಾನೆ. ಇದರ ಮೇಲೆ, ಕಡಿಮೆ ಸಂಬಳದ ಈ ಹುಡುಗ ನನ್ನ ಕೆಲಸ ಕಲಿತರೆ ನಾಳೆ ನನ್ನ ಗತಿ ಏನು ಎಂಬ ಭಯ ಬೇರೆ. ಇಷ್ಟೆಲ್ಲ ಇಟ್ಟುಕೊಂಡು ಅವನು ಮನಸಾರೆ ಕಲಿಸಲಿ ಎಂದು ನಿರೀಕ್ಷಿಸುವುದೇ ತಪ್ಪು.

ಕಾಯ್ದೆಗೆ ಇದು ಗೊತ್ತಿಲ್ಲವೆಂದಲ್ಲ. ಅರ್ಹತೆಯಿರುವ ಒಬ್ಬ ವ್ಯಕ್ತಿಗೆ ತರಬೇತಿಯ ಹೊಣೆ ವಹಿಸಬೇಕು ಎಂದು 11ನೇ ಸೆಕ್ಷನ್ ಮಾಲೀಕನಿಗೆ ವಿಧಿಸುತ್ತದೆ. ಕಲಿಕೆ ಎಲ್ಲಿಯವರೆಗೆ ಬಂದಿದೆ ಎಂಬ ದಾಖಲೆ ಇಡಬೇಕೆಂದೂ ಕಾಯ್ದೆ ಹೇಳುತ್ತದೆ. ಆ ವ್ಯಕ್ತಿಗೆ ಎಷ್ಟು ಹೊತ್ತು ಬಿಡುವು ಕೊಡಬೇಕು, ಅವನಿಗೆ ಏನು ಸಿಗಬೇಕು, ಅವನ ಹೆಸರು ಸರ್ಟಿಫಿಕೇಟಿನಲ್ಲಿ ಇರಬೇಕೇ ಎಂಬಲ್ಲಿಗೆ ಬಂದಾಗ ಯಾವ ಏರ್ಪಾಡೂ ಇಲ್ಲ. ಹೊಣೆ ಕಾಗದದ ಮೇಲೆ ಉಳಿಯುತ್ತದೆ.

ಕಲಿಸುವುದು ಎಂದರೆ ಏನೆಂದು ಒಂದು ಉದಾಹರಣೆಯಲ್ಲಿ ನೋಡಬಹುದು. ಲೇತಿನಲ್ಲಿ ಉಕ್ಕಿನ ತುಂಡನ್ನು ಚಕ್ಕಿಗೆ ಕಟ್ಟಿ ಟೂಲ್ ತಾಗಿಸಿದಾಗ ಸುರುಳಿಯಾಗಿ ಚೂರು ಏಳುತ್ತದೆ. ಆ ಚೂರಿನ ಬಣ್ಣ ಬೆಳ್ಳಗಿದೆಯೋ ನೀಲಿಗೆ ತಿರುಗಿದೆಯೋ ನೋಡಿ ಕಾವು ಎಷ್ಟೇರಿದೆ ಎಂದು ಹಳೆಯ ಟರ್ನರ್ ಹೇಳುತ್ತಾನೆ. ಟೂಲ್ ಮೊಂಡಾದದ್ದು ಅವನಿಗೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಪುಸ್ತಕದಲ್ಲಿ ವೇಗ, ಫೀಡು, ಕೋನ ಎಲ್ಲವೂ ಇವೆ. ಆ ಸದ್ದು ಇಲ್ಲ. ಈಗೀಗ ಬಂದಿರುವ ಸಿಎನ್‌ಸಿ ಯಂತ್ರಗಳಲ್ಲಿ ಬಾಗಿಲು ಮುಚ್ಚಿ ಗುಂಡಿ ಒತ್ತಿದರೆ ಕೆಲಸ ಆಗುತ್ತದೆ, ಇದೆಲ್ಲ ಏಕೆ ಬೇಕು ಎನ್ನುವವರಿದ್ದಾರೆ. ಗುಂಡಿ ಒತ್ತುವವರು ಬೇಕಾದಷ್ಟು ಸಿಗುತ್ತಾರೆ, ಆದ್ದರಿಂದಲೇ ಅವರ ಕೂಲಿ ಏರುವುದಿಲ್ಲ. ಅಳತೆ ಏಕೆ ತಪ್ಪಿತು ಎಂದು ಕಂಡುಹಿಡಿದು ಸರಿಮಾಡುವವನನ್ನು ಎಲ್ಲರೂ ಹುಡುಕುತ್ತಾರೆ, ಅವನು ಗುಂಡಿಯ ಹಿಂದಿನ ಕೆಲಸ ಕಲಿತಿರಬೇಕು.

ಕಂಬವನ್ನು ತಿರುಗಿಸಿ ಕಡೆಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಸೋಮನಾಥಪುರದ ಕೇಶವ ದೇವಾಲಯ 13ನೇ ಶತಮಾನದ್ದು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. ಒಳಗಿನ ಕಂಬಗಳಲ್ಲಿ ಲೇತಿನಲ್ಲಿ ಕಡೆದಂಥ ಉರುಟು ಉಂಗುರಗಳಿವೆ. ಈ ಗುಡಿಯ ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಡಸು. ಕಂಬ ತಿರುಗಿಸುವವನಿಗೂ ಆಭರಣದ ಸಂದು ಬಿಡಿಸುವವನಿಗೂ ಕಲ್ಲು ಗಡಸಾಗುವ ಹೊತ್ತಿನ ಲೆಕ್ಕ ತಿಳಿದಿರಬೇಕು. ಹೊರಗೋಡೆಯ ಮೂರ್ತಿಗಳ ಪೀಠದಲ್ಲಿ ಕೆತ್ತಿದವರ ಹೆಸರುಗಳಿವೆ: ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ, ರಾಮೆಯ. ಮಲ್ಲಿತಮ್ಮನೊಬ್ಬನ ಹೆಸರೇ ಸುಮಾರು 40 ಮೂರ್ತಿಗಳಲ್ಲಿದೆ. ಅಷ್ಟು ಕೆಲಸ ಒಂದೇ ಜೊತೆ ಕೈಯಿಂದ, ಒರಟು ಉಳಿಯಿಂದ ನುಣುಪಿನವರೆಗೆ, ಆಗಿರಲಿಕ್ಕಿಲ್ಲ. ಇದು ನನ್ನ ಊಹೆ, ಆದರೆ ಕಲ್ಲಿನ ಕೆಲಸ ಹತ್ತಿರದಿಂದ ನೋಡಿದ ಯಾರಿಗೂ ಬರುವ ಊಹೆ. ಒರಟು ಬಿಡಿಸಿಕೊಟ್ಟ, ಉಜ್ಜಿಕೊಟ್ಟ ಎಳೆಯ ಕೈಗಳು ಅಲ್ಲಿದ್ದಿರಲೇಬೇಕು. ಕೊನೆಗೆ ಯಾರ ಹೆಸರು ಬಿತ್ತೋ ಅವನು ಆ ಕೈಗಳ ಕೆಲಸಕ್ಕೂ ಹೊಣೆ ಹೊತ್ತ.

ಇಂದಿನ ಅಪ್ರೆಂಟಿಸ್ ಪ್ರಮಾಣಪತ್ರದಲ್ಲಿ ಸಂಸ್ಥೆಯ ಹೆಸರಿದೆ, ಕಲಿತವನ ಹೆಸರಿದೆ, ಕಸುಬಿನ ಹೆಸರಿದೆ. ಕಲಿಸಿದವನ ಹೆಸರಿಲ್ಲ. ಒಂದು ಸಹಿಯಿಂದ ಏನಾಗುತ್ತದೆ ಎನ್ನಬಹುದು. ಇಂಥ ಕಾರ್ಖಾನೆಯ ಇಂಥ ಫಿಟ್ಟರ್ ಬಳಿ ಕಲಿತ ಹುಡುಗ ಎಂದರೆ ಮುಂದಿನ ಕಾರ್ಖಾನೆಯವರಿಗೆ ಅರ್ಥವಾಗುತ್ತದೆ. ಕಸುಬಿನವರ ಲೋಕ ಚಿಕ್ಕದು, ಯಾರು ಯಾರ ಕೈಕೆಳಗೆ ಪಳಗಿದವರು ಎಂಬುದು ಅಲ್ಲಿ ಎಲ್ಲ ಕಾಗದಗಳಿಗಿಂತ ಹೆಚ್ಚು ಮಾತಾಡುತ್ತದೆ. ಹೆಸರು ಹಾಕುವವನು ಬರೀ ಪ್ಯಾಕಿಂಗ್ ಮಾಡಿಸಿದ ಹುಡುಗನನ್ನು ಫಿಟ್ಟರ್ ಎಂದು ಬರೆಯಲು ಹಿಂಜರಿಯುತ್ತಾನೆ.

ಹೊಯ್ಸಳರ ಕಾಲವನ್ನು ಹೊಗಳಿ ಅಲ್ಲಿಗೇ ಮರಳೋಣ ಎನ್ನುವುದು ನನ್ನ ಉದ್ದೇಶವಲ್ಲ. ಆ ಶಿಷ್ಯವೃತ್ತಿ ಎಲ್ಲರಿಗೂ ತೆರೆದದ್ದಾಗಿರಲಿಲ್ಲ. ಕುಲದಲ್ಲಿ ಹುಟ್ಟಿದವನಿಗೆ ಉಳಿ ಸಿಗುತ್ತಿತ್ತು. ಹೆಣ್ಣುಮಕ್ಕಳಿಗೆ, ಊರಾಚೆ ಇಟ್ಟವರ ಮಕ್ಕಳಿಗೆ ಸಿಗುತ್ತಿರಲಿಲ್ಲ. ಇಂದಿಗೂ ಆ ನೆರಳು ಹೋಗಿಲ್ಲ. ಅಯೋಧ್ಯೆಯ ಬಾಲರಾಮನ ಮೂರ್ತಿ ಕೆತ್ತಿದ ಮೈಸೂರಿನ ಅರುಣ್ ಯೋಗಿರಾಜ್ ಎಂಬಿಎ ಓದಿ ಕೆಲ ಕಾಲ ಖಾಸಗಿ ಕಂಪನಿಯಲ್ಲಿ ದುಡಿದು 2008ರ ಹೊತ್ತಿಗೆ ಶಿಲ್ಪಕ್ಕೆ ಮರಳಿದರು. ಮರಳಲು ಅವರಿಗೊಂದು ಮನೆ ಇತ್ತು: ತಂದೆ ಯೋಗಿರಾಜ್ ಶಿಲ್ಪಿ, ತಾತ ಬಸವಣ್ಣ ಶಿಲ್ಪಿ. ಅವರ ಸಾಧನೆ ಅವರ ಕೈಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿಲ್ಪಿಯಾದ ತಾತ ಇಲ್ಲದ ಮನೆಯ ಪದವೀಧರ ಎಲ್ಲಿಗೆ ಹೋಗಬೇಕು? ಅಪ್ರೆಂಟಿಸ್ ಕಾಯ್ದೆಯ ದೊಡ್ಡತನ ಇರುವುದು ಇಲ್ಲಿ. ಗುರುವಿನ ಮನೆಯಲ್ಲಿ ಹುಟ್ಟದವನಿಗೂ ಗುರುವನ್ನು ಒದಗಿಸುವುದಾಗಿ ಅದು ಕಾನೂನಿನ ಭಾಷೆಯಲ್ಲಿ ಮಾತು ಕೊಟ್ಟಿದೆ, ಪರಿಶಿಷ್ಟ ಜಾತಿ, ಪಂಗಡಗಳಿಗೆ ಸ್ಥಾನ ಕಾದಿರಿಸಿದೆ. ಆ ಮಾತು ಉಳಿಯಬೇಕೆಂದೇ ನಾನು ಇಷ್ಟು ನಿಷ್ಠುರವಾಗಿ ಬರೆಯುತ್ತಿದ್ದೇನೆ.

ಕಾಯ್ದೆಯ ಕಣ್ಣಿಗೆ ಬೀಳದ ಒಳ್ಳೆಯ ಮೇಷ್ಟ್ರುಗಳು ಈ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಬನ್ನೂರಿನಲ್ಲೋ ಟಿ. ನರಸೀಪುರದಲ್ಲೋ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ ನೋಡಿ. ಬೇಸಿಗೆಯಲ್ಲಿ ಸುಟ್ಟ ಮೋಟಾರುಗಳು ಸಾಲುಗಟ್ಟಿರುತ್ತವೆ. ಹೊಸದಾಗಿ ಸೇರಿದ ಹುಡುಗನಿಗೆ ಮೊದಲು ಸಿಗುವುದು ಸುಟ್ಟ ತಂತಿ ಬಿಚ್ಚುವ ಕೆಲಸ. ಬಿಚ್ಚುವಾಗಲೇ ಸುತ್ತು ಎಣಿಸಬೇಕು, ತಂತಿಯ ಗೇಜು ಅಳೆಯಬೇಕು, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗಿತ್ತು ಎಂದು ಬರೆದುಕೊಳ್ಳಬೇಕು. ಆಮೇಲೆ ಪೇಪರ್ ಇನ್ಸುಲೇಶನ್, ಕಾಯಿಲ್ ಕೂರಿಸುವುದು, ವಾರ್ನಿಷ್, ಒಣಗಿಸುವುದು, ಮೆಗ್ಗರ್ ಹಿಡಿದು ಪರೀಕ್ಷಿಸುವುದು. ತಪ್ಪಿದರೆ ಮೂರೇ ದಿನಕ್ಕೆ ರೈತ ಬಂದು ಅಂಗಡಿ ಮುಂದೆ ನಿಲ್ಲುತ್ತಾನೆ. ಒಂದು ವರ್ಷ ಹೀಗೆ ಕಳೆದ ಹುಡುಗನಿಗೆ ಮೋಟಾರಿನ ಒಳಹೊರಗು ಗೊತ್ತು. ಹಳ್ಳಿಯಲ್ಲಿ ಕೂತೇ ಅನ್ನ ಸಂಪಾದಿಸಬಲ್ಲ. ಆದರೆ ಆ ಅಂಗಡಿಯಲ್ಲಿ ಇರುವವರು ಇಬ್ಬರು ಮೂವರು. ಕಾಯ್ದೆ ನಾಲ್ಕು ಜನರಿಂದ ಶುರುವಾಗುತ್ತದೆ. ಕಲಿತವನಿಗೆ ಸರ್ಟಿಫಿಕೇಟ್ ಇಲ್ಲ, ಪೆಟ್ಟಾದರೆ ಪರಿಹಾರವಿಲ್ಲ. ಕಲಿಸಿದವನಿಗೆ ಒಂದು ರೂಪಾಯಿಯ ಮನ್ನಣೆಯೂ ಇಲ್ಲ. ಹೆಚ್ಚು ಕಲಿಸುವ ಜಾಗ ಕಾನೂನಿನ ಹೊರಗೆ ಉಳಿದಿದೆ, ಕಡಿಮೆ ಕಲಿಸುವ ಜಾಗಕ್ಕೆ ಸರ್ಕಾರದ ಹಣ ಹೋಗುತ್ತಿದೆ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಈ ಅಂತರ ತುಂಬಬಹುದಿತ್ತು. 18 ಕಸುಬುಗಳು ಅದರಲ್ಲಿವೆ. ಶಿಲ್ಪಿ, ಕಲ್ಲುಕುಟಿಗ, ಬಡಗಿ, ಕಮ್ಮಾರ, ದರ್ಜಿ ಎಲ್ಲರೂ ಇದ್ದಾರೆ. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಅಡಮಾನವಿಲ್ಲದ ಸಾಲ. ಗುರು–ಶಿಷ್ಯ ಪರಂಪರೆಯನ್ನು ಬಲಪಡಿಸುವುದು ತನ್ನ ಗುರಿ ಎಂದೂ ಆ ಯೋಜನೆ ಹೇಳಿಕೊಂಡಿದೆ. ಆದರೆ ಅಲ್ಲಿ ನೆರವು ಸಿಗುವುದು ಕಸುಬಿನವನು ತಾನು ಕಲಿಯುವುದಕ್ಕೆ, ತಾನು ಸಲಕರಣೆ ಕೊಳ್ಳುವುದಕ್ಕೆ. ಅವನು ಬೇರೆ ಮನೆಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಂಡು ಕಲಿಸಿದರೆ ಅದಕ್ಕೆ ಲೆಕ್ಕವಿಲ್ಲ. ಸಂಗೀತ, ನೃತ್ಯ, ರಂಗಭೂಮಿಯಲ್ಲಿ ಗುರುವಿಗೆ ತಿಂಗಳ ಸಂಭಾವನೆ ಕೊಟ್ಟು ಶಿಷ್ಯರನ್ನು ತಯಾರಿಸುವ ಪರಿಪಾಠ ಕೇಂದ್ರ ಸಂಸ್ಕೃತಿ ಸಚಿವಾಲಯದಲ್ಲಿ ಇದೆ. ಹಾಡು ಕಲಿಸುವವರಿಗೆ ಸಲ್ಲುವ ಗೌರವ ಮೋಟಾರು ಕಟ್ಟಲು ಕಲಿಸುವವರಿಗೆ ಏಕೆ ಸಲ್ಲಬಾರದು? ಕೈಕೆಲಸವನ್ನು ಕೀಳೆಂದು ನೋಡುವ ನಮ್ಮ ಹಳೆಯ ರೋಗವನ್ನು ಬಿಟ್ಟು ಇದಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಅಪ್ರೆಂಟಿಸ್ ಪದ್ಧತಿಗೆ ಎದುರಾಗಿ ಬರುವ ವಾದಗಳಲ್ಲಿ ಗಟ್ಟಿಯಾದವು ಎರಡು. ಮೊದಲನೆಯದು ಹಳೆಯದು. 1776ರಲ್ಲೇ ಆಡಂ ಸ್ಮಿತ್ ಉದ್ದನೆಯ ಅಪ್ರೆಂಟಿಸ್ ಅವಧಿಯನ್ನು ಟೀಕಿಸಿದ್ದ. ಇಂಗ್ಲೆಂಡಿನಲ್ಲಿ ಕಾನೂನೇ ಏಳು ವರ್ಷ ಕಟ್ಟಿಹಾಕುತ್ತಿತ್ತು. ಅಷ್ಟು ವರ್ಷ ಬೇಡುವ ಕಸುಬು ಯಾವುದೂ ಇಲ್ಲ, ತನ್ನ ದುಡಿಮೆಯ ಫಲ ತನಗೆ ಸಿಗದವನು ಸೋಮಾರಿಯಾಗುತ್ತಾನೆ ಎಂದು ಅವನ ವಾದ. ಇದನ್ನು ನಾನು ಒಪ್ಪುತ್ತೇನೆ. ಮೂರು ವಾರದ ಕೆಲಸಕ್ಕೆ ಹನ್ನೆರಡು ತಿಂಗಳು ಇಟ್ಟುಕೊಳ್ಳುವುದು ಸ್ಮಿತ್ ಖಂಡಿಸಿದ ತಪ್ಪೇ. ಅವಧಿ ಕಸುಬಿನ ಆಳಕ್ಕೆ ತಕ್ಕಂತಿರಬೇಕು, ಕಲಿತವನು ಬೇಗ ಪರೀಕ್ಷೆಗೆ ಕೂತು ಹೊರಬರುವ ದಾರಿಯೂ ಇರಬೇಕು. ಎರಡನೆಯದು ಮಾಲೀಕರದು: ನಾವು ಖರ್ಚು ಮಾಡಿ ಕಲಿಸಿದರೆ ಪಕ್ಕದ ಕಾರ್ಖಾನೆಯವರು ಎರಡು ಸಾವಿರ ಹೆಚ್ಚು ಕೊಟ್ಟು ಕರೆದುಕೊಂಡು ಹೋಗುತ್ತಾರೆ. ದೊಡ್ಡವರಿಗೆ ಇದನ್ನು ತಡೆದುಕೊಳ್ಳುವ ಶಕ್ತಿ ಇದೆ. ಬಿಡದಿಯಲ್ಲಿ 2007ರಿಂದ ಟೊಯೊಟಾ ನಡೆಸುತ್ತಿರುವ ಮೂರು ವರ್ಷದ ವಸತಿ ತರಬೇತಿ ಶಾಲೆಯಲ್ಲಿ ಹಳ್ಳಿಯ ಬಡ ಮಕ್ಕಳು ಕಲಿಯುತ್ತಾರೆ. ಬಾಷ್ ಕಂಪನಿಯ ವೃತ್ತಿ ಶಿಕ್ಷಣ ಕೇಂದ್ರಕ್ಕೆ ದಶಕಗಳ ಇತಿಹಾಸವಿದೆ. ಅಲ್ಲಿ ಕಲಿಸುವುದಕ್ಕೆಂದೇ ಜನರಿದ್ದಾರೆ, ಫಲವೂ ಹಾಗೇ ಇದೆ. ತಾಂಡವಪುರದ 50 ಜನರ ಘಟಕ ಇದನ್ನು ಒಂಟಿಯಾಗಿ ಮಾಡಲಾರದು. ಕಲಿಸಿದ ಫಲ ಇಡೀ ತಾಲ್ಲೂಕಿಗೆ ಹಂಚಿಹೋಗುವಾಗ ಖರ್ಚನ್ನು ಒಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಲಿಸುವವನ ಕೂಲಿಯನ್ನು ಸರ್ಕಾರ ಕೊಡಬೇಕೆಂದು ನಾನು ಹೇಳುವುದು ಈ ಕಾರಣಕ್ಕೇ.

ಜರ್ಮನಿಯ ಪದ್ಧತಿಯನ್ನು ನಮ್ಮ ಸಚಿವರು ಭಾಷಣದಲ್ಲಿ ಆಗಾಗ ನೆನೆಯುತ್ತಾರೆ. ಅಲ್ಲಿ ವಾರದ ಹೆಚ್ಚು ದಿನ ಕಾರ್ಖಾನೆ, ಉಳಿದ ದಿನ ಶಾಲೆ ಎಂಬುದು ಎಲ್ಲರಿಗೂ ಗೊತ್ತು. ನಾವು ಗಮನಿಸದೆ ಬಿಟ್ಟ ಎರಡು ಸಂಗತಿಗಳಿವೆ. ಅಲ್ಲಿ ಅಪ್ರೆಂಟಿಸ್‌ಗೆ ಕಲಿಸುವ ಹೊಣೆ ಹೊರುವವನು, ತನಗೆ ಕಲಿಸಲು ಬರುತ್ತದೆ ಎಂದು ಸಾಮಾನ್ಯವಾಗಿ ಒಂದು ಪರೀಕ್ಷೆಯಲ್ಲಿ ತೋರಿಸಿಕೊಡಬೇಕು. ಮತ್ತು ಕೊನೆಯ ಪರೀಕ್ಷೆ ನಡೆಸುವವರು ಮಾಲೀಕರಲ್ಲ, ಉದ್ಯಮಗಳ ಮಹಾಮಂಡಲಗಳು. 1969ರ ಕಾನೂನಿನ ಚೌಕಟ್ಟಿನಲ್ಲಿ ಇದು ನಡೆಯುತ್ತಿದೆ. ಅವರ ಶಾಲೆ, ಅವರ ಸಂಬಳದ ಮಟ್ಟ ನಮಗೆ ಬರಲಾರದು. ಆದರೆ ಕಲಿಸುವವನ ಪರೀಕ್ಷೆ, ಹೊರಗಿನವರ ಪರೀಕ್ಷೆ, ಈ ಎರಡನ್ನು ತರಲು ದೊಡ್ಡ ದುಡ್ಡೇನೂ ಬೇಡ.

ಹಾಗಾದರೆ ಇಲ್ಲಿ ಏನಾಗಬೇಕು? ಒಬ್ಬ ಕಲಿಯುವವನಿಗೆ ತಿಂಗಳಿಗೆ ಇಂತಿಷ್ಟು ಎಂದು ಕಲಿಸುವವನ ಖಾತೆಗೆ ನೇರ ಹಣ ಹೋಗಲಿ; ಇಬ್ಬರು ಮೂವರಿಗಿಂತ ಹೆಚ್ಚು ಶಿಷ್ಯರನ್ನು ಯಾರೂ ತೆಗೆದುಕೊಳ್ಳದಿರಲಿ. ಅರ್ಧವನ್ನು ತಿಂಗಳು ತಿಂಗಳು ಕೊಟ್ಟು, ಉಳಿದರ್ಧವನ್ನು ಹುಡುಗ ಹೊರಗಿನವರು ನಡೆಸುವ ಪರೀಕ್ಷೆ ಪಾಸಾದ ಮೇಲೆ ಕೊಡಲಿ. ಆಗ ಪ್ಯಾಕಿಂಗಿನಲ್ಲಿ ನಿಲ್ಲಿಸಿದ ಹುಡುಗನ ಪರವಾಗಿ ಸೂಪರ್‌ವೈಸರ್ ಜೊತೆ ಜಗಳವಾಡುವವನು ಆ ಟರ್ನರೇ ಆಗುತ್ತಾನೆ. ಪರೀಕ್ಷೆಗೆ ಮೈಸೂರಿನಲ್ಲಿ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಇದೆ, ಅಲ್ಲಿ ಬೇಕಾದ ಯಂತ್ರಗಳಿವೆ. ಚಿಕ್ಕ ಅಂಗಡಿಗಳನ್ನು ಒಟ್ಟುಗೂಡಿಸಿ ಒಂದೇ ಒಪ್ಪಂದದಡಿ ತರುವ ಮಧ್ಯಸ್ಥ ಸಂಸ್ಥೆಗಳಿಗೆ ಈಗಿನ ವ್ಯವಸ್ಥೆಯಲ್ಲೂ ಜಾಗವಿದೆ; ಆದರೆ ಆ ಜಾಗವನ್ನು ಹೆಚ್ಚಾಗಿ ತುಂಬಿರುವವರು ನಗರದ ಮಾನವ ಸಂಪನ್ಮೂಲ ಕಂಪನಿಗಳು. ಟಿ. ನರಸೀಪುರದ ವೈಂಡಿಂಗ್, ವೆಲ್ಡಿಂಗ್, ಗ್ಯಾರೇಜ್ ಅಂಗಡಿಗಳ ಪರವಾಗಿ ಅಲ್ಲಿನ ಸರ್ಕಾರಿ ಐಟಿಐ ಯಾಕೆ ಆ ಕೆಲಸ ಮಾಡಬಾರದು?

ಪ್ರಯಾಣದ ಮಾತನ್ನು ಬಿಡುವಂತಿಲ್ಲ. ಸೋಮನಾಥಪುರದ ಕಡೆಯ ಹುಡುಗ ತಾಂಡವಪುರದಲ್ಲಿ ಬೆಳಗಿನ ಆರರ ಶಿಫ್ಟಿಗೆ ನಿಲ್ಲಬೇಕೆಂದರೆ ಮೈಸೂರು ಸುತ್ತಿ ಬರಬೇಕು. ಆ ಹೊತ್ತಿಗೆ ಬಸ್ಸಿಲ್ಲ, ರೂಮು ಮಾಡಿದರೆ ಸ್ಟೈಪೆಂಡಿನ ದೊಡ್ಡ ಪಾಲು ಬಾಡಿಗೆಗೇ ಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾದ ಮೇಲೆ ಹಳ್ಳಿಯ ಹುಡುಗಿಯರ ಓಡಾಟದ ಸುತ್ತಳತೆ ಹಿಗ್ಗಿದೆ. ಎಲೆಕ್ಟ್ರಾನಿಕ್ಸ್, ಔಷಧಿ, ಆಹಾರದ ಘಟಕಗಳಲ್ಲಿ ಅವರಿಗೆ ಕಲಿಯುವ ಜಾಗ ಬೇಕಾದಷ್ಟಿದೆ. ಅದೇ ರಿಯಾಯಿತಿಯನ್ನು ಅಪ್ರೆಂಟಿಸ್ ಒಪ್ಪಂದ ಇರುವ ಹುಡುಗರಿಗೂ ಆ ಒಂದು ವರ್ಷಕ್ಕೆ ವಿಸ್ತರಿಸಿದರೆ ಖಜಾನೆ ಬರಿದಾಗುವುದಿಲ್ಲ.

ಸೋಮನಾಥಪುರದಲ್ಲೇ ಆಗಬಹುದಾದ ಕೆಲಸವೂ ಒಂದಿದೆ. ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಊರಿನ ಮಕ್ಕಳಿಗೆ ಸಿಕ್ಕದ್ದು ಎಳನೀರಿನ ಗಾಡಿ, ಆಟಿಕೆ ಅಂಗಡಿ, ಪಾರ್ಕಿಂಗ್ ಚೀಟಿ ಹರಿಯುವ ಕೆಲಸ, ಇಷ್ಟಕ್ಕೇ ನಿಲ್ಲಬಾರದು. ಕಲ್ಲಿನ ಕಟ್ಟಡವನ್ನು ಕಾಪಾಡುವುದೇ ಒಂದು ಕಸುಬು. ನೀರು ಎಲ್ಲಿಂದ ಇಳಿಯುತ್ತಿದೆ, ಯಾವ ಗಾರೆ ಕಲ್ಲನ್ನು ತಿನ್ನುತ್ತದೆ, ಯಾವುದು ತಿನ್ನುವುದಿಲ್ಲ, ಪಾಚಿ ತೆಗೆಯುವಾಗ ಕೆತ್ತನೆ ಸವೆಯದಂತೆ ಹೇಗೆ ಕೈಯಾಡಿಸಬೇಕು ಎಂಬುದನ್ನು ಬಲ್ಲ ಮೇಸ್ತ್ರಿಗಳು ಕಡಿಮೆ. ಇದೇ ತಾಲ್ಲೂಕಿನ ತಲಕಾಡಿನಲ್ಲಿ ಕೀರ್ತಿನಾರಾಯಣ ದೇವಾಲಯದ ಕಲ್ಲುಗಳನ್ನು ಕಳಚಿ ಮತ್ತೆ ಜೋಡಿಸಿದ ಕೆಲಸ ನೋಡಿದವರಿಗೆ ಅಂಥ ಕೈಗಳ ಬೆಲೆ ಗೊತ್ತು. ಸಂಸ್ಥೆಯೇ ಪಠ್ಯ ರೂಪಿಸಿಕೊಳ್ಳಬಹುದಾದ ಐಚ್ಛಿಕ ಕಸುಬುಗಳಿಗೆ ಅಪ್ರೆಂಟಿಸ್ ಕಾಯ್ದೆಯಲ್ಲಿ ಅವಕಾಶವಿದೆ. ಪುರಾತತ್ವ ಇಲಾಖೆ, ರಾಜ್ಯದ ಕೌಶಲ್ಯಾಭಿವೃದ್ಧಿ ಇಲಾಖೆ ಒಟ್ಟಾಗಿ ಬನ್ನೂರು, ಸೋಮನಾಥಪುರ ಸುತ್ತಿನ ಹತ್ತು ಯುವಕ ಯುವತಿಯರನ್ನು, ಜಾತಿ ಕುಲ ಕೇಳದೆ, ಎರಡು ವರ್ಷಕ್ಕೆ ಒಬ್ಬ ಅನುಭವಿ ಮೇಸ್ತ್ರಿಯ ಬಳಿ ಬಿಡಬಹುದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕೌಶಲ್ಯ ಸಮಿತಿ ಇದನ್ನು ಎತ್ತಿಕೊಂಡರೆ ಹತ್ತು ಜನರ ಸ್ಟೈಪೆಂಡಿಗೆ ದಾರಿ ಈಗಲೇ ಇದೆ. ಆ ಮೇಸ್ತ್ರಿಯ ಸಂಬಳಕ್ಕೆ ಮಾತ್ರ ಯಾವ ಯೋಜನೆಯಲ್ಲೂ ಬಾಬ್ತು ಇಲ್ಲ. ಸಮಿತಿಯ ಮುಂದಿನ ಸಭೆಯಲ್ಲಿ ಮೊದಲು ಅದನ್ನು ತೀರ್ಮಾನಿಸಲಿ.